ನೆಲ ಕುಡಿದ ನಾತ, ರಾಜಬಿಯ ತಕರಾರು

ಬೆಳಗಿನ ಐದು ಗಂಟೆ. ಅಥಣಿ ರಸ್ತೆಯ ಹೊಸ ಬಡಾವಣೆಗೆ ಹಾಲಿನವನೂ ಇನ್ನೂ ಬಂದಿಲ್ಲ. ಧೂಳಪ್ಪನವರ ಮನೆಯ ಹೊಸ್ತಿಲಲ್ಲಿ ನಿಂತ ರಾಜಬಿ ಒಳಗೆ ಕಾಲಿಡುತ್ತಿಲ್ಲ. ಒಂದು ಕೈಯಲ್ಲಿ ಗೋಣಿಚೀಲಗಳ ಗಂಟು, ಇನ್ನೊಂದರಲ್ಲಿ ನೀಲಿ ಬೆಳಕಿನ ಸಣ್ಣ ಬ್ಯಾಟರಿ. ಒಮ್ಮೆ ಮೂಗು ಏರಿಸುತ್ತಾರೆ, ಇನ್ನೊಮ್ಮೆ ಏರಿಸುತ್ತಾರೆ. ಆಮೇಲೆ ಗಂಟನ್ನು ದೊಪ್ಪನೆ ಕೆಳಗೆ ಬಿಡುತ್ತಾರೆ. ಒಳಗಿನಿಂದ ಬರುತ್ತಿರುವುದು ಫಿನಾಯಿಲಿನ ಗಾಟು, ಅದರ ಬೆನ್ನಿಗೆ ಊದಿನಕಡ್ಡಿಯ ಘಮ.

"ಯಾರ್ರಿ ಇದನ್ನ ಒರಸಿದವ್ರು?"

ಮನೆಯ ಯಜಮಾನತಿ ಸೀತವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಾರೆ. ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಸಮಾಧಾನ. "ನಾನ ಒರಸೇನಿ ಬೇ. ನೀ ಬರ್ತಿ ಅಂತ ನಾಕಕ್ಕ ಎದ್ದು, ಸಾಬೂನ ಪುಡಿ ಹಾಕಿ ತಿಕ್ಕಿ, ಫಿನಾಯಿಲ ಹೊಡದೇನಿ. ಹೊರಗಿನವ್ರು ಬಂದಾಗ ಮನಿ ನಾರಬಾರದಲ್ಲ?"

"ನಾರೂದನ್ನ ನೋಡಾಕ ಬಂದೇನ್ರಿ ಯವ್ವಾ ನಾನು!" ರಾಜಬಿಯ ದನಿ ಎದುರಿನ ಮನೆಯ ಕಿಟಕಿ ತೆರೆಯುವಷ್ಟು ಏರುತ್ತದೆ. "ಫೋನಿನ್ಯಾಗ ಹೇಳೇನಿ, ನೆಲಾ ಮುಟ್ಟಬ್ಯಾಡ್ರಿ ಅಂತ. ಹೋದ ಸಲಾನೂ ಹೇಳೇನಿ, ಅದರ ಹಿಂದಿನ ಸಲಾನೂ ಹೇಳೇನಿ. ನನ್ನ ಬಾಯಿ ಏನ ನಲ್ಲಿ ಅನ್ಕೊಂಡೀರೇನು, ತಿರುವಿದಾಗೆಲ್ಲ ಸುರೀಲಿ ಅಂತ?"

ಕಾಂಕ್ರೀಟು ನೆಲ ಹೀರಿಕೊಂಡ ನಾಯಿ-ಬೆಕ್ಕುಗಳ ಮೂತ್ರದ ಕಲೆ ಮತ್ತು ವಾಸನೆಯನ್ನು ತೆಗೆಯುವುದು ರಾಜಬಿಯವರ ಉದ್ಯೋಗ. ವಯಸ್ಸು ಐವತ್ತನಾಲ್ಕು. ವಿಜಯಪುರ, ತಿಕೋಟಾ, ಬಬಲೇಶ್ವರದ ಸುತ್ತ ಎಂಟು ವರ್ಷಗಳಿಂದ ಇದನ್ನೇ ಮಾಡುತ್ತಿದ್ದಾರೆ. ಒಂದೇ ಮನೆಗೆ ಮೂರನೇ ಸಲ ಬರಬೇಕಾದದ್ದು ಇದೇ ಮೊದಲು. ಎರಡು ತಿಂಗಳಲ್ಲಿ ಎರಡು ಸಲ ಧೂಳಪ್ಪನವರ ಪಡಸಾಲೆಯನ್ನು ಸ್ವಚ್ಛ ಮಾಡಿ ಹೋಗಿದ್ದಾರೆ. ಎರಡೂ ಸಲ ವಾಸನೆ ಹೋದಂತೆ ಅನ್ನಿಸಿ, ವಾರ ತುಂಬುವುದರೊಳಗೆ ಮರಳಿ ಬಂದಿದೆ. ಇದು ಅವರ ಹೆಸರಿನ ಪ್ರಶ್ನೆ. ಆ ಮನೆಯ ನಾಯಿ ಪಿಂಟ್ಯಾನಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ.

ಧೂಳಪ್ಪನವರು ನಿವೃತ್ತ ಲೈನ್‌ಮನ್, ಎಪ್ಪತ್ತರ ಮೇಲೆ ಒಂದು. ಹನ್ನೊಂದು ವರ್ಷದ ಹಿಂದೆ ಕೆಲಸದಿಂದ ಬರುವಾಗ ಕಂಬದ ಬುಡದಲ್ಲಿ ಸಿಕ್ಕ ಕಂದುಬಣ್ಣದ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದರು. ಅದೇ ಪಿಂಟ್ಯಾ. ಪಡಸಾಲೆಯಲ್ಲಿ ಅವರ ಮಂಚ, ಮಂಚದ ಕೆಳಗೆ ಪಿಂಟ್ಯಾ. ಈಗ ಮಗ ಕುನಾಲ ಮತ್ತು ಸೊಸೆ ಆಮ್ರಪಾಲಿಗೆ ಎಂಟು ತಿಂಗಳ ಕೂಸಿದೆ. ಕೂಸು ಅಂಬೆಗಾಲಿಡುತ್ತದೆ, ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತದೆ. ನಾರುವ ನೆಲದ ಮೇಲೆ ಕೂಸನ್ನು ಹೇಗೆ ಬಿಡುವುದು? ಕಾಲೇಜಿನಲ್ಲಿ ಪಾಠ ಹೇಳುವ ಆಮ್ರಪಾಲಿಯ ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಇವತ್ತು ಶುಕ್ರವಾರ. ಭಾನುವಾರದೊಳಗೆ ವಾಸನೆ ಹೋಗದಿದ್ದರೆ ನಿಡೋಣಿಯಿಂದ ನೆಂಟರ ಗಾಡಿ ಬಂದು ಪಿಂಟ್ಯಾನನ್ನು ಹೊಲಕ್ಕೆ ಒಯ್ಯುತ್ತದೆ. ಹನ್ನೊಂದು ವರ್ಷ ಮಂಚದ ಕೆಳಗೆ ಮಲಗಿದ ಮುದಿ ನಾಯಿ ಅಲ್ಲಿ ಬಾವಿಯ ಕಟ್ಟೆಯ ಮೇಲೆ ಎಷ್ಟು ದಿನ ಬಾಳೀತು ಎಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ.

ರಾಜಬಿ ಇಷ್ಟು ಬೆಳಿಗ್ಗೆ ಬರುವುದಕ್ಕೆ ಕಾರಣವಿದೆ. ಅವರ ಬ್ಯಾಟರಿ ಅಂಗಡಿಗಳಲ್ಲಿ ಖೊಟ್ಟಿ ನೋಟು ಗುರುತಿಸಲು ಬಳಸುವಂಥದ್ದು. ಕತ್ತಲಲ್ಲಿ ಅದನ್ನು ಹಿಡಿದರೆ ಒಣಗಿದ ಮೂತ್ರದ ಕಲೆ ಹಳದಿ-ಹಸಿರಾಗಿ ಹೊಳೆಯುತ್ತದೆ. ಬೆಳಕು ಹರಿದರೆ ಏನೂ ಕಾಣುವುದಿಲ್ಲ. ರಾತ್ರಿಯಿಡೀ ಮುಚ್ಚಿದ ಮನೆಯಲ್ಲಿ ನೆಲದ ವಾಸನೆಯೂ ಮುಂಜಾನೆಗೇ ಏಳುತ್ತದೆ. ಒಲೆ ಹಚ್ಚುವ ಮೊದಲು, ಬಾಗಿಲು ತೆರೆಯುವ ಮೊದಲು ಹೋದರೆ ನೆಲ ತಾನೇ ತನ್ನ ಕಥೆ ಹೇಳುತ್ತದೆ ಎಂಬುದು ಅವರ ಅನುಭವ. ಆದರೆ ಸಾಬೂನು ಪುಡಿ ಬಳಿದ ನೆಲವೂ ಆ ಬೆಳಕಿಗೆ ಹೊಳೆಯುತ್ತದೆ. ಸೀತವ್ವ ತಿಕ್ಕಿಟ್ಟ ಪಡಸಾಲೆಯ ಮೇಲೆ ರಾಜಬಿ ಬ್ಯಾಟರಿ ಬಿಟ್ಟರೆ ಮೂಲೆಯಿಂದ ಮೂಲೆಗೆ ಇಡೀ ನೆಲ ಬೆಳ್ಳಗೆ ಮಿನುಗುತ್ತದೆ. ಅದರಲ್ಲಿ ಕಲೆ ಯಾವುದು, ಸಾಬೂನು ಯಾವುದು?

"ಹತ್ತ ಮನಿಗೆ ಹೋದ್ರ ಒಂಬತ್ತ ಮನ್ಯಾಗ ಇದ ಹಣೆಬರ" ಎಂದು ರಾಜಬಿ ತಲೆ ಚಚ್ಚಿಕೊಳ್ಳುತ್ತಾರೆ. "ಡಾಕ್ಟರ್ ಕಡೆ ಹೋಗೂ ಮುಂದ ಜಡ್ಡ ಮುಚ್ಚಿಟ್ಟ ಹೋಗ್ತಾರೇನ್ರಿ ಯಾರರ? ನನ್ನ ಕರೆಸಿ, ನಾ ಬರೂದ್ರಾಗ ಮನಿ ಘಮ್ ಅನಿಸ್ತಾರ. ನಾಚಿಕಿ ಅಂತ, ನಾಚಿಕಿ!"

ರಾಜಬಿ ಹುಟ್ಟಿದ್ದು ತಿಕೋಟಾದಲ್ಲಿ. ತಾಯಿ ದ್ರಾಕ್ಷಿ ತೋಟದ ಕೂಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಬಬಲೇಶ್ವರಕ್ಕೆ ಬಂದರು, ಅಲ್ಲಿಂದ ವಿಜಯಪುರಕ್ಕೆ. ಗಂಡ ಲಾಲಸಾಬ ನೆಲಕ್ಕೆ ಪಾಲಿಶ್ ಹಿಡಿಯುವ ಕೆಲಸಗಾರ. ಗಂಡ ಮಶೀನು ಹಿಡಿದರೆ ಹೆಂಡತಿ ನೀರು ಹೊಡೆಯುವುದು, ಗಂಡ ಊರಲ್ಲಿಲ್ಲದಾಗ ಹೆಂಡತಿ ಕಾಂಕ್ರೀಟು ಹಾಕುವವರ ಜೊತೆ ಪುಟ್ಟಿ ಹೊರುವುದು. ಇಪ್ಪತ್ತು ವರ್ಷ ಹೀಗೆ ನಡೆಯಿತು. ಸಿಮೆಂಟು ಯಾವಾಗ ನೀರು ಬೇಡುತ್ತದೆ, ಯಾವಾಗ ಬಿರಿಯುತ್ತದೆ, ಎಷ್ಟು ಕುಡಿದರೆ ತಣಿಯುತ್ತದೆ ಎಂಬುದನ್ನು ಯಾರೂ ಕಲಿಸಲಿಲ್ಲ, ಕೈಗೇ ಗೊತ್ತಾಯಿತು. ಲಾಲಸಾಬರ ಎದೆಯಲ್ಲಿ ಧೂಳು ಕೂತು ಕೆಮ್ಮು ನಿಲ್ಲದಾದಾಗ ಮಶೀನು ಮಾರಿದರು. ಈಗ ಅವರು ಮನೆಯಲ್ಲಿ ಕುಳಿತು ಹೆಂಡತಿಯ ಫೋನು ಎತ್ತುತ್ತಾರೆ. ಕರೆ ಮಾಡಿದವರಿಗೆಲ್ಲ "ಒಂದ ದಿನದಾಗ ಹೋಗತೈತ್ರಿ, ಗ್ಯಾರಂಟಿ" ಎನ್ನುತ್ತಾರೆ. ಒಂದು ದಿನದಲ್ಲಿ ಹೋಗುವುದಿಲ್ಲ. ಆ ಸುಳ್ಳಿಗೆ ಮನೆಮನೆಯಲ್ಲಿ ಉತ್ತರ ಹೇಳುವವರು ರಾಜಬಿ.

ಈ ಕೆಲಸಕ್ಕೆ ಅವರು ಇಳಿದದ್ದು ಬಬಲೇಶ್ವರದ ಒಂದು ಕಾಳಿನ ಗೋದಾಮಿನಿಂದ. ಇಲಿಗಳ ಕಾಟಕ್ಕೆ ಮಾಲೀಕರು ಆರು ಬೆಕ್ಕು ಸಾಕಿದ್ದರು. ಇಲಿ ಹೋದವು, ಬೆಕ್ಕಿನ ನಾತ ಉಳಿಯಿತು. ಜೋಳದ ಚೀಲಗಳಿಗೂ ಅದೇ ವಾಸನೆ ಹತ್ತಿ ಗಿರಾಕಿಗಳು ಮೂಗು ಮುಚ್ಚಿಕೊಂಡು ಹೊರಟರು. ನೆಲ ಒಡೆಸಿ ಹೊಸದಾಗಿ ಕಾಂಕ್ರೀಟು ಹಾಕಿಸೋಣ ಎಂದು ರಾಜಬಿಯನ್ನು ಕೂಲಿಗೆ ಕರೆದಿದ್ದರು. ಆಗ ಅಲ್ಲಿಗೆ ಬಂದಿದ್ದ ದನದ ಡಾಕ್ಟರೊಬ್ಬರು, ಮೂತ್ರದ ಉಪ್ಪನ್ನು ತಿಂದು ಮುಗಿಸುವ ಜೀವಾಣುಗಳ ದ್ರಾವಣ ಸಿಗುತ್ತದೆ, ನೆಲ ಎಷ್ಟು ಆಳ ಮೂತ್ರ ಕುಡಿದಿದೆಯೋ ಅಷ್ಟೇ ಆಳ ಅದನ್ನೂ ಕುಡಿಸಬೇಕು ಎಂದರು. ಬಿಸಿಲಿನ ಊರಲ್ಲಿ ಸುರಿದ ನೀರು ಅರ್ಧ ಗಂಟೆಯಲ್ಲಿ ಆರಿಹೋಗುತ್ತದೆ, ಕುಡಿಸುವುದು ಹೇಗೆ ಎಂದು ಮಾಲೀಕರು ಕೈಚೆಲ್ಲಿದರು. ರಾಜಬಿ ನಕ್ಕರಂತೆ. ಹೊಸ ಕಂಬಕ್ಕೆ ಹಸಿ ಗೋಣಿ ಸುತ್ತಿ ವಾರಗಟ್ಟಲೆ ನೀರುಣಿಸಿದವರಿಗೆ ನೆಲಕ್ಕೆ ಉಣಿಸುವುದು ಯಾವ ಲೆಕ್ಕ!

ಅಂದಿನಿಂದ ಇಂದಿನವರೆಗೆ ವಿಧಾನ ಅದೇ. ನೀಲಿ ಬೆಳಕಿನಲ್ಲಿ ಕಲೆ ಗುರುತಿಸಿ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆಯುವುದು. ಬಿಸಿನೀರಿನಿಂದ ಎರಡು ಸಲ ತೊಳೆದು ಹಿಂಡುವುದು. ಆಮೇಲೆ ದ್ರಾವಣ ಸುರಿದು, ಅದರಲ್ಲೇ ನೆನೆಸಿದ ಗೋಣಿ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮರಳಿನ ಚೀಲ ಇಡುವುದು. ದ್ರಾವಣ ಪುಣೆಯಿಂದ ಬರುವುದರಿಂದ ಅದಕ್ಕೆ ಅವರಿಟ್ಟ ಹೆಸರು "ಪುಣೆ ನೀರು". ಒಂದು ಚಾಪೆಯಷ್ಟು ಜಾಗಕ್ಕೆ ಮೂರು ಲೀಟರು ಬೇಕು. ಮಾರ್ಚಿನಿಂದ ಜೂನಿನವರೆಗೆ ಎರಡು ಗಂಟೆಗೊಮ್ಮೆ ಗೋಣಿಯನ್ನು ಮತ್ತೆ ತೋಯಿಸಬೇಕು. ಒಂದು ಹಗಲು ಒಂದು ರಾತ್ರಿ ಹಸಿ, ಎರಡು ದಿನ ಒಣ. ವಾರಕ್ಕೆ ನಾಲ್ಕೈದು ಮನೆ, ಪ್ರತಿ ಮನೆಯಲ್ಲಿ ಮೂರು ತಾಸು ಮೊಣಕಾಲ ಮೇಲೆ. ಹತ್ತು ಮನೆಯಲ್ಲಿ ಏಳು ನಾಯಿಯವು, ಮೂರು ಬೆಕ್ಕಿನವು. "ಬೆಕ್ಕಿಂದು ಖರೇನ ತ್ರಾಸಿನ ಕೆಲಸ" ಎನ್ನುತ್ತಾರೆ. "ಒಂದೀಟ ಹೊಯ್ದಿರತೈತಿ, ನಾತ ಮಾತ್ರ ಓಣಿಗೆಲ್ಲ."

ಕೇಳಲು ಸುಲಭ. ಮಾಡಲು ಬಿಟ್ಟರೆ ತಾನೇ? ಗೋಣಿ ಹಾಸಿ ಹೋದರೆ ಸಂಜೆ ಬೀಗರು ಬಂದರೆಂದು ತೆಗೆದು ಮೂಲೆಗೆ ಎಸೆಯುತ್ತಾರೆ. ತೋಯಿಸಿ ಎಂದರೆ, ಪುಣೆ ನೀರಿಗೆ ಬಲ ಸಾಲದೆಂದು ತಾವೇ ಒಂದು ಮುಚ್ಚಳ ಫಿನಾಯಿಲು ಬೆರೆಸುತ್ತಾರೆ. ಅಲ್ಲಿಗೆ ಒಳಗಿನ ಜೀವಾಣುಗಳೆಲ್ಲ ಸತ್ತು ಎಲ್ಲವೂ ಮೊದಲಿನಿಂದ. ತಿಕೋಟಾದ ಒಬ್ಬ ಮಹಾಶಯರು ಸಂಡಾಸು ತೊಳೆಯುವ ಆಸಿಡ್ಡನ್ನೇ ಸುರಿದಿದ್ದರು. ಆಸಿಡ್ಡು ಸಿಮೆಂಟನ್ನು ತಿಂದು ನೆಲದ ತುಂಬ ಸಣ್ಣ ಸಣ್ಣ ತೂತು ಮಾಡಿತು. ಆಮೇಲೆ ನಾಯಿ ಹೊಯ್ದದ್ದೆಲ್ಲ ಮೊದಲಿಗಿಂತ ಎರಡು ಪಟ್ಟು ಆಳಕ್ಕೆ ಇಳಿಯಿತು. ಸಿದ್ಧೇಶ್ವರ ಗುಡಿಯ ಹತ್ತಿರದ ಹಳೆಯ ಮನೆಯೊಂದರಲ್ಲಿ ಕಲೆಯ ಮೇಲೆ ಎಣ್ಣೆಬಣ್ಣ ಬಳಿದರು. ಮಳೆಗಾಲ ಬಂದಾಗ ಬಣ್ಣ ಗುಳ್ಳೆ ಎದ್ದಿತು, ಗುಳ್ಳೆ ಒಡೆದಲ್ಲೆಲ್ಲ ನಾತ. ಅಂಥ ಮನೆಗಳಿಂದ ರಾಜಬಿಗೆ ಕರೆ ಬರುವುದು ಎಲ್ಲ ಮುಗಿದ ಮೇಲೆ, ಎಲ್ಲರೂ ಕೈಯಾಡಿಸಿದ ಮೇಲೆ.

"ಮದ್ಲ ಅಂಗಡಿಯವ್ನ ಕೇಳ್ತಾರ, ಆಮ್ಯಾಲೆ ಮಗ್ಗಲ ಮನಿಯವ್ರನ್ನ ಕೇಳ್ತಾರ, ಆಮ್ಯಾಲೆ ಮೊಬೈಲ್ ನೋಡ್ತಾರ. ಎಲ್ಲಾ ಕೆಟ್ಟ ಮ್ಯಾಲೆ 'ರಾಜಬಿ, ಲಗೂನ ಬಾ' ಅಂತಾರ" ಎಂದು ಅವರು ಬೆರಳು ಮಡಿಚಿ ತೋರಿಸುತ್ತಾರೆ. ಕರೆದವರು ಕೂಡ ಬಹಿರಂಗವಾಗಿ ಕರೆಯುವುದಿಲ್ಲ. ನೆರೆಯವರು ಇಣುಕಿದರೆ "ಪಾಲಿಶ್ ಮಾಡಾಕ ಬಂದಾರ" ಎಂದು ಪರಿಚಯಿಸುತ್ತಾರೆ. ಮನೆಮಂದಿಗೆಲ್ಲ ಸ್ಟೀಲ್ ಲೋಟದಲ್ಲಿ ಚಹಾ ಬಂದರೆ ಇವರಿಗೆ ಕಾಗದದ ಕಪ್ಪು. ನಾಯಿಯ ಹೊಲಸು ಮುಟ್ಟುವ ಕೈ ಅಂತ ಇರಬೇಕು. ಆ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಿಸ್ಕತ್ತು ತಿನ್ನಿಸುವ ಕೈಗಳೇ ಆ ಕಪ್ಪನ್ನು ಕೊಡುತ್ತವೆ. ರಾಜಬಿ ಅದನ್ನು ಕುಡಿಯುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ, ಹಾಗೆಯೇ ಇಟ್ಟು ಬರುತ್ತಾರೆ. ನೋಡುವವರಿಗೆ ಸಿಟ್ಟು ಬರುತ್ತದೆ. ಅವರಿಗೆ ರೂಢಿಯಾಗಿದೆ.

ಧೂಳಪ್ಪನವರ ಮನೆಯಲ್ಲಿ ಸ್ಟೀಲ್ ಲೋಟವೇ ಬರುತ್ತದೆ. ಅದಕ್ಕೇ ಇರಬೇಕು, ಸೀತವ್ವನ ಮೇಲೆ ಅವರ ಸಿಟ್ಟು ಬೇಗ ಇಳಿಯುತ್ತದೆ. ಆದರೂ ಶುಕ್ರವಾರದ ಬೆಳಗು ಹಾಳಾದದ್ದು ಹಾಳಾಯಿತು. ಕುನಾಲ ಕೂಸನ್ನು ಎತ್ತಿಕೊಂಡು ಬಂದು ಸೋಫಾದ ಕಾಲಿನ ಹತ್ತಿರ ಬೆರಳು ಮಾಡುತ್ತಾನೆ. ಎರಡು ಸಲವೂ ಇದೇ ಜಾಗ ತೋರಿಸಿದ್ದ.

"ಚಾಚಿ, ಪಿಂಟ್ಯಾ ದಿನಾ ಕುಂಡ್ರೋದು ಇಲ್ಲೇ. ಇಲ್ಲೇ ಮಾಡಿರ್ತಾನ. ಇದನ್ನ ಇನ್ನೊಮ್ಮಿ ಮಾಡಿಬಿಡ್ರಿ."

"ತಮ್ಮಾ, ನೀ ತೋರಿಸಿದ ಜಾಗಾ ನಂಬಿ ಎರಡ ಸಲ ಮಣಕಾಲ ಸವೆಸೇನಿ. ಇನ್ನ ನನ್ನ ಕಣ್ಣ ನಂಬತೇನಿ." ರಾಜಬಿ ಎದ್ದು ಬಚ್ಚಲಿಗೆ ಹೋಗಿ ನೆಲ ಒರೆಸುವ ಕೋಲು, ಬಟ್ಟೆ, ಫಿನಾಯಿಲ ಬಾಟಲಿ, ಸಾಬೂನು ಪುಡಿಯ ಡಬ್ಬಿ ಎಲ್ಲವನ್ನೂ ಬಾಚಿಕೊಂಡು ಬರುತ್ತಾರೆ. ಸೀತವ್ವ ಬಾಯಿ ತೆರೆದು ನೋಡುತ್ತಿದ್ದಾರೆ. "ಇವು ನನ್ನ ಕೂಡ ಬರ್ತಾವ. ನಾಳೆ ಮುಂಜಾನೆ ವಾಪಸ್ ತರ್ತೇನಿ. ಇವತ್ತೊಂದ್ ದಿನ ನಿಮ್ಮ ಮನಿ ನಾರಿದ್ರ ಯಾರೂ ಸಾಯಂಗಿಲ್ಲ." ಸಾಬೂನು ಹೋಗುವಂತೆ ಪಡಸಾಲೆಯನ್ನು ಬರೀ ನೀರಿನಿಂದ ಎರಡು ಸಲ ತೊಳೆದು, ಒರೆಸುವ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಅವರು ಆಟೊ ಹತ್ತುವುದನ್ನು ಎದುರು ಮನೆಯವರು ಕಿಟಕಿಯಿಂದ ಪೂರ್ತಿ ನೋಡಿದರು.

ಶನಿವಾರ ಐದಕ್ಕೆ ಹದಿನೈದು ನಿಮಿಷ ಇರುವಾಗ ರಾಜಬಿ ಮತ್ತೆ ಅದೇ ಹೊಸ್ತಿಲಲ್ಲಿದ್ದಾರೆ. ಈ ಸಲ ಫಿನಾಯಿಲಿಲ್ಲ, ಊದಿನಕಡ್ಡಿಯಿಲ್ಲ. ನಾತ ಇದೆ, ಶುದ್ಧವಾಗಿ, ಏನೂ ಬೆರೆಯದೆ. ರಾಜಬಿಯ ಮುಖ ಅರಳುತ್ತದೆ. ದೀಪ ಹಾಕಲು ಹೋದ ಸೀತವ್ವನ ಕೈ ಹಿಡಿದು ನಿಲ್ಲಿಸಿ, ಅಡುಗೆಮನೆಗೆ ಕಳಿಸಿ, ಬ್ಯಾಟರಿ ಒತ್ತುತ್ತಾರೆ.

ಸೋಫಾದ ಕಾಲಿನ ಬುಡ ಸ್ವಚ್ಛವಾಗಿದೆ. ಬಾಗಿಲ ಚೌಕಟ್ಟು ಸ್ವಚ್ಛ. ಗಂಡು ನಾಯಿ ಕಾಲೆತ್ತಿದರೆ ಗೋಡೆಗೆ ಮೊಣಕಾಲೆತ್ತರದಲ್ಲಿ ಗೆರೆ ಇಳಿದಿರಬೇಕು. ನಾಲ್ಕೂ ಗೋಡೆ ಸುತ್ತಿದರೂ ಒಂದು ಗೆರೆ ಇಲ್ಲ. ರಾಜಬಿ ಮಂಡಿಯೂರಿ ಪಡಸಾಲೆಯ ನಡುವಿಗೆ ಬರುತ್ತಾರೆ. ಅಲ್ಲಿ, ಮಂಚದಿಂದ ಮೂರು ಅಡಿ ದೂರದಲ್ಲಿ, ಅಂಗೈ ಅಗಲದ ಕಲೆ ಹಸಿರಾಗಿ ಹೊಳೆಯುತ್ತದೆ. ಯಾರೋ ಬಟ್ಟೆಯಿಂದ ಒರೆಸಿದ ಗುರುತು ಅದರ ಮೇಲೆಯೇ ಇದೆ. ಅಲ್ಲಿಂದ ಮುಂದಕ್ಕೆ ಒಂದು ಹನಿ, ಹೆಜ್ಜೆ ಬಿಟ್ಟು ಇನ್ನೊಂದು ಹನಿ, ಮತ್ತೊಂದು. ಬಚ್ಚಲಿನ ಬಾಗಿಲವರೆಗೂ ನೇರವಾದ ಸಾಲು. ಬಚ್ಚಲಿಗೆ ಹೋಗಬೇಕೆಂದು ಅವಸರಪಡುವ ನಾಯಿಯನ್ನು ಎಂಟು ವರ್ಷದಲ್ಲಿ ರಾಜಬಿ ಕಂಡಿಲ್ಲ.

ಬೆಳಕನ್ನು ಹಿಂದಕ್ಕೆ, ಸಾಲಿನ ಇನ್ನೊಂದು ತುದಿಗೆ ತಿರುಗಿಸುತ್ತಾರೆ. ಮಂಚದಿಂದ ಇಳಿಬಿದ್ದ ಎರಡು ಪಾದಗಳು ಕಾಣುತ್ತವೆ. ಬೆಳಕು ತಾಗುತ್ತಲೇ ಪಾದಗಳು ಮೆಲ್ಲಗೆ ಮೇಲಕ್ಕೆ ಹೋಗುತ್ತವೆ. ಧೂಳಪ್ಪನವರು ಎಚ್ಚರವಾಗಿಯೇ ಕುಳಿತಿದ್ದಾರೆ. ಮಂಚದ ಕೆಳಗಿನಿಂದ ಪಿಂಟ್ಯಾ ತಲೆಯೆತ್ತಿ ನೋಡಿ, ಗುರುತು ಹತ್ತಿದ ಖುಷಿಗೆ ಬಾಲವನ್ನು ನೆಲಕ್ಕೆ ಬಡಿಯುತ್ತದೆ. ರಾಜಬಿ ಬ್ಯಾಟರಿ ಆರಿಸುತ್ತಾರೆ.

ಆ ಹೊತ್ತಿಗೆ ತಮಗೆ ಕರುಣೆ ಬರಲಿಲ್ಲ, ಮೈಯೆಲ್ಲ ಉರಿಯಿತು ಎಂದು ಅವರು ಮುಚ್ಚಿಡದೆ ಹೇಳುತ್ತಾರೆ. ಎರಡು ತಿಂಗಳು ಬೇರೆಯೇ ಜಾಗಕ್ಕೆ ಪುಣೆ ನೀರು ಕುಡಿಸಿದ್ದು, ದಿನವೂ ನಸುಕಿನಲ್ಲಿ ಸೀತವ್ವ ಒರೆಸಿ ಒರೆಸಿ ಗುರುತು ಅಳಿಸಿದ್ದು, ತಾನೂ ಮನೆಯವರ ಬೆರಳು ನಂಬಿ ಮಂಚದ ಕಡೆ ಕಣ್ಣೇ ಹಾಯಿಸದಿದ್ದದ್ದು, ಎಲ್ಲವೂ ಒಟ್ಟಿಗೇ ತಲೆಗೇರಿತು. ಮುದುಕರಿಗೆ ಕೈಸನ್ನೆ ಮಾಡಿ ಹಿತ್ತಲಿಗೆ ಕರೆದರು. ನೀರಿನ ಟಾಕಿಯ ಮರೆಯಲ್ಲಿ ಇಬ್ಬರೂ ನಿಂತರು.

"ಕಾಕಾ, ಎಷ್ಟ ದಿನದಿಂದ?"

ಧೂಳಪ್ಪನವರು ಟಾಕಿಯನ್ನು ನೋಡುತ್ತ ಹೇಳಿದರು: "ಸಂಕ್ರಮಣದಿಂದ. ಏಳೂತನಕಾ ಏನೂ ಗೊತ್ತಾಗಂಗಿಲ್ಲ. ಎದ್ದಮ್ಯಾಲೆ ತಡಿಯೂದಿಲ್ಲ. ಬಚ್ಚಲಾ ಮುಟ್ಟೂದ್ರಾಗ ಆಗಿಬಿಟ್ಟಿರತೈತಿ."

"ಒಂದ ಮಾತ ಹೇಳಾಕ ಏನಾಗಿತ್ತು?"

"ಮೂವತ್ತಾರ ವರ್ಷ ಕಂಬಾ ಹತ್ತೇನಿ, ರಾಜಬಿ. ಮಳಿ ಅನ್ನಲಿಲ್ಲ, ಗಾಳಿ ಅನ್ನಲಿಲ್ಲ. ಸೊಸಿ ಇರೂ ಮನ್ಯಾಗ, ನಾ ಅರಿವ್ಯಾಗ ಉಚ್ಚಿ ಹೊಯ್ಕೋತೇನಿ ಅಂತ ಯಾವ ಬಾಯೀಲೆ ಹೇಳ್ಲಿ?" ಟಾಕಿಯ ನಲ್ಲಿಯನ್ನು ಇನ್ನಷ್ಟು ಬಿಗಿ ಮಾಡಿದರು. "ಮೊದಲನೇ ದಿನ ಮನಿಯವ್ರಽ 'ಪಿಂಟ್ಯಾ ಮಾಡ್ಯಾನ' ಅಂದ್ರು. ನಾ ಸುಮ್ನಿದ್ದೆ. ಒಮ್ಮಿ ಸುಮ್ನಿದ್ದಮ್ಯಾಲೆ ಆಮ್ಯಾಲೆ ಹೇಳಾಕ ಬರಲಿಲ್ಲ."

"ನಾಳೆ ಗಾಡಿ ಬರತೈತಿ. ಪಿಂಟ್ಯಾನ ಒಯ್ತಾರ. ಅವ ಹೋದಮ್ಯಾಲೂ ನೆಲಾ ನಾರತೈತಿ. ಆವಾಗ ಯಾರ ಮ್ಯಾಲೆ ಹಾಕ್ತೀರಿ ಕಾಕಾ? ಕೂಸಿನ ಮ್ಯಾಲೆ?"

ಮುದುಕರು ತಲೆ ತಗ್ಗಿಸಿದರು. ಅಷ್ಟು ಕಟುವಾಗಿ ಅನ್ನಬಾರದಿತ್ತು ಎಂದು ರಾಜಬಿಗೆ ಅನ್ನಿಸಿತಂತೆ, ಆದರೆ ಅಂದದ್ದನ್ನು ಹಿಂದೆಗೆದುಕೊಳ್ಳಲಿಲ್ಲ. "ನಮ್ಮ ಮನ್ಯಾಗೂ ಇದ ಆಗಿತ್ತು. ಲಾಲಸಾಬನೂ ಹಿಂಗ ಮುಚ್ಚಿಟ್ಟಿದ್ದ. ಡಾಕ್ಟರ್ ಗುಳಿಗಿ ಕೊಟ್ಟ, ಈಗ ಎಷ್ಟೋ ಕಡಿಮಿ ಐತಿ. ಇದು ಜಡ್ಡ ಐತಿ ಕಾಕಾ, ತಪ್ಪಲ್ಲ. ನಾಯೀ ಮ್ಯಾಲೆ ಹಾಕೋದು ತಪ್ಪ."

ಒಳಗೆ ಬರುವಷ್ಟರಲ್ಲಿ ಮನೆ ಎದ್ದಿತ್ತು. ಕುನಾಲ ದೀಪ ಹಾಕಿದ್ದ. ಆಮ್ರಪಾಲಿಯ ತೋಳಲ್ಲಿ ಕೂಸು. ಏನು ಸಿಕ್ಕಿತು ಎಂದು ಕುನಾಲ ಕೇಳಿದ. ರಾಜಬಿಗೆ ಇದು ಹೊಸ ಇಕ್ಕಟ್ಟು. ಎಂಟು ವರ್ಷದಲ್ಲಿ ಗಿರಾಕಿಗೆ ಕಲೆಯ ಬಗ್ಗೆ ಸುಳ್ಳು ಹೇಳಿಲ್ಲ. ಮುದುಕರ ಮಾನವನ್ನು ಸೊಸೆಯ ಮುಂದೆ ಹರಾಜು ಹಾಕುವುದೂ ಅವರಿಂದಾಗದು. ಮಂಚದ ಕೆಳಗಿನ ಪ್ರಾಣಿ ಇದ್ಯಾವುದೂ ತಿಳಿಯದೆ ಕಿವಿ ಕೆರೆದುಕೊಳ್ಳುತ್ತಿತ್ತು.

"ತಮ್ಮಾ, ಈ ನೆಲದಾಗ ನಾಯೀದ ಒಂದ ಹನಿ ಇಲ್ಲ" ಎಂದರು ರಾಜಬಿ. "ಇದಕ್ಕಿಂತ ಹೆಚ್ಚ ನನ್ನ ಕೇಳಬ್ಯಾಡ. ಪಿಂಟ್ಯಾ ಮಾಡಿಲ್ಲ. ಯಾವ ಮನ್ಯಾಗ ಬೇಕಾದ್ರೂ ಈ ಮಾತ ಹೇಳತೇನಿ."

"ಹಂಗಂದ್ರ?" ಕುನಾಲನ ಹುಬ್ಬು ಗಂಟಿಕ್ಕಿತು. "ನಾಯೀದಲ್ಲಂದ್ರ ಯಾರ್ದು? ಮತ್ಯಾರದಾರ ಇಲ್ಲಿ?"

ಧೂಳಪ್ಪನವರು ಮಂಚದ ಹತ್ತಿರ ಬಂದು, ಬಗ್ಗಿ, ಪಿಂಟ್ಯಾನ ಬೆನ್ನ ಮೇಲೆ ಕೈಯಿಟ್ಟರು. "ಅದು ನಂದು, ಕುನಾಲ" ಎಂದರು. "ಅದು ನಂದು."

ಸೀತವ್ವ ಇದ್ದಲ್ಲಿಯೇ ಕುಳಿತುಬಿಟ್ಟರು. ಕುನಾಲ ತಂದೆಯನ್ನು ನೋಡಿದ, ನಾಯಿಯನ್ನು ನೋಡಿದ, ಎರಡು ಸಲ ತಾನೇ ಬೆರಳು ಮಾಡಿ ತೋರಿಸಿದ ಸೋಫಾದ ಕಾಲನ್ನು ನೋಡಿದ. ಮೊದಲು ಮಾತಾಡಿದ್ದು ಆಮ್ರಪಾಲಿ. "ಮಾವಾರ, ನಮಗ ಹೇಳಬಾರದಾಗಿತ್ತಾ?" ಎಂದಳು. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಮಂಚದ ಒಂದು ತುದಿ ಹಿಡಿದಳು. "ಹಿಡೀರಿ ಆ ಕಡೆ" ಎಂದು ಗಂಡನನ್ನು ಗದರಿದಳು. ಇಬ್ಬರೂ ಸೇರಿ ಮಂಚವನ್ನು ಬಚ್ಚಲಿನ ಬಾಗಿಲ ಪಕ್ಕಕ್ಕೆ ಎಳೆದರು. ತನ್ನ ಮನೆಯ ಮಾಳಿಗೆ ಇದ್ದಕ್ಕಿದ್ದಂತೆ ಸರಿದುಹೋದದ್ದಕ್ಕೆ ಪಿಂಟ್ಯಾ ಗಾಬರಿಯಾಗಿ ಎದ್ದು, ಮಂಚದ ಹಿಂದೆಯೇ ನಡೆದು, ಮತ್ತೆ ಅದರ ಕೆಳಗೆ ಹೋಗಿ ಮಲಗಿತು. "ಸೋಮವಾರ ನಾ ರಜಾ ಹಾಕ್ತೇನಿ. ದವಾಖಾನಿಗೆ ಹೋಗೂಣು" ಎಂದಳು ಆಮ್ರಪಾಲಿ. ಆಗ ಧೂಳಪ್ಪನವರು ಅತ್ತರು. ಕುನಾಲನೂ ಅತ್ತ.

ರಾಜಬಿ ಅಷ್ಟರಲ್ಲಾಗಲೇ ಸೀಮೆಸುಣ್ಣ ತೆಗೆದಿದ್ದರು. "ಅಳೋದು ಆಮ್ಯಾಲೆ ಅಳ್ರಿ. ಸರೀರಿ ಆ ಕಡೆ, ಬಿಸಿಲ ಏರೂದ್ರಾಗ ಗೋಣಿ ಹಾಸಬೇಕು. ಯವ್ವಾ ಸೀತವ್ವ, ಎರಡ ಕೊಡಾ ಬಿಸಿನೀರ ಕಾಸ್ರಿ. ಬರೇ ನೀರು! ಅದರಾಗ ಏನರ ಹಾಕಿದ್ರ ನಾ ಎದ್ದ ಹೋಗಾಕಿ." ಕಲೆಗೆ ಗೆರೆ, ಹನಿಗಳಿಗೆಲ್ಲ ಗೆರೆ. ಮಂಚವಿದ್ದ ಜಾಗದಿಂದ ಬಚ್ಚಲಿನವರೆಗೆ ಹನ್ನೊಂದು ಗೋಣಿ ಹಿಡಿದವು. ಎರಡು ಗಂಟೆಗೊಮ್ಮೆ ತೋಯಿಸುವ ಕೆಲಸವನ್ನು ಧೂಳಪ್ಪನವರೇ ವಹಿಸಿಕೊಂಡರು. ಕೈಗಡಿಯಾರ ನೋಡಿ ನೋಡಿ, ಹೇಳಿದ್ದಕ್ಕಿಂತ ಐದು ನಿಮಿಷ ಮೊದಲೇ ತೋಯಿಸಿದರು.

ಭಾನುವಾರ ನಿಡೋಣಿಯಿಂದ ಗಾಡಿ ಬರಲಿಲ್ಲ. ಬರಬೇಡಿ ಎಂದು ಕುನಾಲ ಹಿಂದಿನ ದಿನವೇ ಫೋನು ಮಾಡಿದ್ದ. ಮಂಗಳವಾರ ನಸುಕಿನಲ್ಲಿ ರಾಜಬಿ ಒಣಗಿದ ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ, ಮೂಸಿ, ತಲೆಯಾಡಿಸಿದರು. ಸಿಮೆಂಟಿನ ತಂಪು ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಏಳುವ ಮೊದಲೇ ಕೂಸು ಆ ಜಾಗಕ್ಕೆ ಅಂಬೆಗಾಲಿಟ್ಟು ಬಂದು ಅವರ ಬಳೆ ಹಿಡಿದುಕೊಂಡಿತು.

ಈ ಸಂಗತಿಯನ್ನು ಪತ್ರಿಕೆಯಲ್ಲಿ ಬರೆಯುವುದು ಬೇಡ, ಬರೆದರೂ ಹೆಸರು ಬದಲಿಸಿ ಎಂದವರು ರಾಜಬಿ. ಒಪ್ಪದವರು ಧೂಳಪ್ಪ. "ನನ್ನ ಹೆಸರ ಹಾಕ್ರಿ" ಎಂದು ಅವರು ಎರಡು ಸಲ ಹೇಳಿದರು. "ಪಿಂಟ್ಯಾ ಮಾಡ್ಯಾನ ಅಂತ ಓಣಿಗೆಲ್ಲ ಗೊತ್ತಾಗಿತ್ತಲ್ಲ, ಇದೂ ಗೊತ್ತಾಗಲಿ. ನನ್ನಂಥಾವ ಇನ್ನೊಬ್ಬ ಓದಿ ದವಾಖಾನಿಗೆ ಹೋದ್ರ ಹೋಗಲಿ."

ನಿಮಗೇನು ಆಸೆ ಎಂದು ಕೊನೆಗೆ ಕೇಳಿದರೆ ರಾಜಬಿಗೆ ಮತ್ತೆ ಸಿಡುಕು. ಈ ವಯಸ್ಸಿನಲ್ಲಿ ಎಂಥ ಆಸೆ ಎನ್ನುತ್ತಾರೆ. ಗೋಣಿಗಳನ್ನು ಹಿಂಡಿ ಗಂಟು ಕಟ್ಟುತ್ತಾರೆ, ಒಂದು ಕೈಯನ್ನು ಗೋಡೆಗೆ ಕೊಟ್ಟು ಮೊಣಕಾಲು ನೆಟ್ಟಗೆ ಮಾಡುತ್ತಾರೆ. ಬಾಗಿಲವರೆಗೆ ಹೋದವರು ತಿರುಗಿ ನಿಂತು ಹೇಳುತ್ತಾರೆ:

"ಮಂದಿ ನಾಯೀನ ಹೊರಗ ಹಾಕೂಕಿಂತ ಮದ್ಲ ನನ್ನ ಒಂದ ಸಲ ಕರೀಲಿ. ಅದು ಮಾಡಿದ್ರ, ಮಾಡೈತಿ ಅಂತೇನಿ. ಮಾಡಿಲ್ಲಂದ್ರ, ಅದರ ಪರವಾಗಿ ಹೇಳಾಕ ಯಾರರ ಒಬ್ರು ಇರಬೇಕಲ್ರಿ."